ಹಿಂಬಾಗಿಲ ಕಾವಲು

ಸಂಜೆ ಹಿಡಿದ ಮಳೆ ದೀಪ ಹಚ್ಚಿದ ಮೇಲೂ ಬಿಟ್ಟಿರಲಿಲ್ಲ. ನಾಳೆ ಮಾವನ ಕಣ್ಣಿನ ಆಪರೇಷನ್; ಒಂದು ರಾತ್ರಿ ಆಸ್ಪತ್ರೆಯಲ್ಲಿರಬೇಕು ಅಂದಕೂಡಲೇ ಅವರು ಬರುವುದೇ ಇಲ್ಲವೆಂದು ಹಟ ಹಿಡಿದು ಕೂತಿದ್ದರು. ತಡಮಾಡಿದರೆ ದೃಷ್ಟಿಯೇ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಸೊಸೆಗೆ ಅದೇ ಸಂಕಟ.

"ಯಾಕೆ ಮಾವ, ಹೆದರಿಕೆನಾ?" ಎಂದಳು.

ಜೀವಮಾನವೆಲ್ಲ ಗಾರೆ ಕೆಲಸ ಮಾಡಿ, ಎತ್ತರದ ಸಾರವೆಯ ಬೊಂಬುಗಳ ಮೇಲೆ ಓಡಾಡಿದ ಮನುಷ್ಯ. ಹೆದರಿಕೆ ಅಂದದ್ದೇ ತಡ, ಮೂಗಿನ ತುದಿಗೆ ಸಿಟ್ಟು ಬಂತು. ಮೊಮ್ಮಕ್ಕಳನ್ನೂ ಹತ್ತಿರ ಕರೆದರು.

"ಹಾಗಾದ್ರೆ ಕೇಳಿ... ಈ ಜಾಗದಲ್ಲಿ ಹಿಂದೆ ಗಡಿಕೋಟೆ ಇತ್ತು. ಈಗೆಲ್ಲಿದೆ ಅಂತೀರಾ? ನಿಮ್ಮ ಬೆನ್ನ ಹಿಂದಿನ ಗೋಡೇಲೇ ಇದೆ! ಊರೋರೆಲ್ಲ ಅದರ ಕಲ್ಲು ಕಿತ್ತು ಮನೆ ಕಟ್ಕೊಂಡ್ರು, ನಾನೂ ಕಟ್ಕೊಂಡೆ, ಸುಳ್ಳ್ಯಾಕೆ ಹೇಳ್ಲಿ. ಆ ಕೋಟೇಲಿ ಒಂದು ಕಟ್ಟಳೆ ಇತ್ತು ಅಂತ ನಮ್ಮಜ್ಜಿ ಹೇಳ್ತಿದ್ಲು... ಪಾಳಿ ಬದಲಾಯಿಸೋಕೆ ಬಂದೋನು ಹೆಗಲ ಮೇಲೆ ಕೈಯಿಟ್ಟು 'ನೀನು ಹೋಗು, ನಾನಿದ್ದೀನಿ' ಅನ್ನೋವರೆಗೂ ಕಾವಲಿನೋನು ಜಾಗ ಬಿಡೋ ಹಾಗಿಲ್ಲ. ಒಂದಿನ ರಾಜರು ರಾಜರು ರಾಜಿಯಾಗಿ ಗಡೀನೇ ಹೊಳೆಯಾಚೆ ಸರಿಸಿದ್ರು, ದಂಡೆಲ್ಲ ಗಂಟುಮೂಟೆ ಕಟ್ಕೊಂಡು ಹೊರಡ್ತು. ಹಿಂಬಾಗಿಲಲ್ಲಿ ಒಬ್ಬ ನಿಂತಿದ್ದಾನಲ್ಲ, ಅವನಿಗೆ ಹೇಳೋರ್ಯಾರು? ಎಲ್ಲರೂ ಮರೆತ್ರು... ಅವನು ನಿಂತ, ನಿಂತಲ್ಲೇ ಸತ್ತ, ಸತ್ತಮೇಲೂ ನಿಂತೇ ಇದ್ದ!"

ಚಿಕ್ಕ ಮೊಮ್ಮಗಳು ತಾಯಿಯ ಸೆರಗಿಗೆ ಅಂಟಿಕೊಂಡಳು.

"ಆ ಬಾಗಿಲ ಕಲ್ಲೇ ನಮ್ಮ ಹಿತ್ತಲ ಬಾಗಿಲಿಗೆ ಹಾಕಿದ್ದು. ಈ ಮನೆಗೆ ಬಂದ ದಿನ ನೋಡ್ತೀನಿ, ಈಟಿ ಹಿಡ್ಕೊಂಡು ತೂಕಡಿಸ್ತಿದ್ದಾನೆ, ಪಾಪ. ಹೆದರಿಕೆಯಲ್ಲ ಕಣಮ್ಮ, ಕರುಳು ಚುರುಕ್ ಅಂತು. ದಿನವಿಡೀ ಕಲ್ಲು ಹೊತ್ತೋನಿಗೆ ನಿಂತು ಸುಸ್ತಾದೋನ ಕಷ್ಟ ಗೊತ್ತಾಗಲ್ವಾ? ಹೆಗಲ ಮೇಲೆ ಕೈಯಿಟ್ಟು ಆ ಮಾತು ಅಂದೇಬಿಟ್ಟೆ. ಎಷ್ಟು ಚೆನ್ನಾಗಿ ನಕ್ಕ ಅಂತೀಯಾ! ಹೊರಟೇಹೋದ. ಅವತ್ತಿಂದ ಒಂದು ರಾತ್ರೀನೂ ನಾನು ಹೊರಗೆ ಕಳೆದಿಲ್ಲ. ಬೇಜಾರೇನಿಲ್ಲ... ನನ್ನ ಮನೆ, ನನ್ನ ಮಕ್ಕಳು, ಬಾಗಿಲಿಗೆ ನಾನು. ಇದಕ್ಕಿಂತ ಸುಖ ಇನ್ನೇನಿದೆ?"

ಸೊಸೆಗೆ ನಗು ಬಂತು. ಮಾವನ ಮೇಲೆ ಅಕ್ಕರೆಯೂ ಉಕ್ಕಿತು. "ಗಡಿಯೇ ಇಲ್ಲ, ವೈರಿಗಳೂ ಇಲ್ಲ. ಇನ್ನೇನು ಕಾಯ್ತೀರಿ? ನಾಳೆ ನೆಮ್ಮದಿಯಾಗಿ ಬನ್ನಿ ಮಾವ."

"ಬರ್ತೀನಮ್ಮ, ನಿನ್ನ ಮಾತು ತೆಗೆದುಹಾಕ್ತೀನಾ? ಆದ್ರೆ ಗಡಿ ಸರಿದ ಸುದ್ದಿ ನಮ್ಮ ಕಾವಲಿನೋನಿಗೇ ಮುಟ್ಟಲಿಲ್ಲ... ಆಚೆ ಕಡೆಯ ವೈರಿಗಳಿಗೆ ಮಾತ್ರ ಮುಟ್ಟಿರುತ್ತಾ? ನನ್ನ ಕಣ್ಣು ಮಂಜಾದ ಮೇಲೆ ಅವರಿಗೆ ಧೈರ್ಯ ಹೆಚ್ಚಾಗಿದೆ. ನಾಳೆ ಬಾಗಿಲಲ್ಲಿ ಯಾರು ನಿಲ್ತೀರಿ, ಹೇಳಿ... ಮೆಲ್ಲಗೆ ಹೇಳಿ. ಅವರು ಆಗಲೇ ಬಂದಿದ್ದಾರೆ, ಹಿತ್ತಲ ಬಾಗಿಲ ಅಗುಳಿ ತಡವ್ತಿದ್ದಾರೆ."