ಹಳೇ ಅಳತೆ

ಬೇಡ, ಬೇಡ, ಆ ಟೇಪು ನಿನ್ನ ಕೊರಳಲ್ಲೇ ಇರ್ಲಿ. ಅಳೆಯೋದೇನೂ ಬೇಡಮ್ಮ. ಹೋದ ವರ್ಷದ ಅಳತೆ ನಿನ್ನ ಪುಸ್ತಕದಲ್ಲಿ ಇದೆಯಲ್ಲ, ಅದನ್ನೇ ಹಿಡಿದು ಹೊಲಿ. ಹುಡುಕೋ ಕಷ್ಟವೂ ಬೇಡ ಅಂತ ಆಗ ನೀನೇ ಹೊಲಿದ ಹಸಿರು ಗೌನು ತಂದಿದೀನಿ. ಇಗೋ, ಚೀಲದಲ್ಲಿದೆ. ಇದರ ಥರಾನೇ ಇನ್ನೊಂದು. ಮಗಳ ಮದುವೆಗೆ ಇನ್ನು ಹನ್ನೆರಡೇ ದಿನ.

ಯಾಕೆ ಮಾತೇ ಇಲ್ಲ? ...ಓ, ಬಾಯಲ್ಲಿ ಗುಂಡುಪಿನ್ನು. ಒಳ್ಳೇದೇ ಆಯ್ತು. ಬೆಳಗ್ಗೆಯಿಂದ ಎಲ್ಲರೂ ಮಾತಾಡಿದ್ದೇ ಆಯ್ತು. ಬಸ್ಸಲ್ಲಿ ಒಬ್ಬಳು "ಸ್ವಲ್ಪ ಸರೀರಿ" ಅಂದ್ಲು. ಎಲ್ಲಿಗೆ ಸರೀಲಿ? ಕಿಟಕಿಯಿಂದ ಆಚೆಗಾ?

ಕೂತ್ಕೋತೀನಿ. ಈ ಸ್ಟೂಲು ತಡೆಯುತ್ತೆ ತಾನೆ? ನಗಬೇಡ, ಪಿನ್ನು ನುಂಗ್ತೀಯ.

ನಾನು ಆಸ್ಪತ್ರೇಲಿ ಫೋನ್ ಎತ್ತೋಳು, ಗೊತ್ತಲ್ಲ. "ನಮಸ್ಕಾರ, ಯಾವ ಡಾಕ್ಟರು ಬೇಕಿತ್ತು?" ದಿನವಿಡೀ ಇದೇ. ಮೊನ್ನೆ ಒಬ್ಬ ಮುದುಕಪ್ಪ, "ದನಿ ಕೇಳಿದ್ರೆ ಬಳ್ಳಿ ಹಾಗಿದೀರಿ ಅನ್ಸುತ್ತೆ ತಾಯಿ" ಅಂದ. ಬಳ್ಳಿ! ಹೌದಪ್ಪ, ಕುಂಬಳದ ಬಳ್ಳಿ, ಕಾಯಿ ಸಮೇತ ಅನ್ನೋಣ ಅನ್ನಿಸ್ತು. ಅನ್ನಲಿಲ್ಲ. ಅಷ್ಟು ಹೊತ್ತು ಬಳ್ಳಿಯಾಗೇ ಇದ್ದೆ.

ಏನದು ಕೈಸನ್ನೆ, ಊಟಾನಾ? ಏನು ಮಹಾ ತಿಂತೀನಿ... ಬೆಳಗ್ಗೆ ಎರಡು ಬಿಸ್ಕತ್ತು, ಮಧ್ಯಾಹ್ನ ಸೌತೆಕಾಯಿ. ನೀರು ಕುಡಿದ್ರೂ ಹತ್ತೋ ಮೈ ಇದು. ಹನ್ನೆರಡು ದಿನದಲ್ಲಿ ಇಳೀತೀನಿ, ನೋಡ್ತಿರು. ಮಗಳು ಹೇಳ್ಬಿಟ್ಟಿದಾಳೆ: "ಅಮ್ಮ, ಎಲ್ಲರ ಚೀಲ ಕಾಯ್ಕೊಂಡು ಮೂಲೇಲಿ ಕೂರೋ ಹಾಗಿಲ್ಲ. ಫೋಟೋದಲ್ಲಿ ನನ್ನ ಪಕ್ಕ ನಿಲ್ಬೇಕು."

ನಿಲ್ತೀನಿ. ಯಾಕೆ ನಿಲ್ಲಲ್ಲ? ಹೋದ ವರ್ಷ ತಂಗಿ ಮಗನ ಮದುವೇಲಿ ಇದೇ ಗೌನು ಹಾಕ್ಕೊಂಡು ನಿಂತಿರ್ಲಿಲ್ವಾ? ಅಳತೆ ಅಂದ್ರೆ ಅಳತೆ! ಎಲ್ಲರೂ ಯಾರು ಹೊಲಿದಿದ್ದು, ಯಾರು ಹೊಲಿದಿದ್ದು ಅಂತ... ನಿನ್ನ ಹೆಸರೇ ಹೇಳಿದೆ ಬಿಡು.

ಪಿನ್ನೆಲ್ಲ ಯಾಕೆ ತೆಗೆದಿಟ್ಟೆ? ಗೌನಿನ ಕತ್ತಿನ ಹತ್ರ ಏನು ನೋಡ್ತಿದೀಯ?

...ಓ.

ಆ ಬಿಳಿ ದಾರ. ಇನ್ನೂ ಹಾಗೇ ಇದೆ. ಕತ್ತಿನ ಸೀಳು ಹಿಗ್ಗದಿರ್ಲಿ ಅಂತ ನೀನು ಹಾಕಿ ಕೊಡೋ ಕಚ್ಚಾ ಹೊಲಿಗೆ. "ಹಾಕ್ಕೊಳ್ಳೋ ಮುಂಚೆ ಕಿತ್ತುಬಿಡಿ ಅಕ್ಕ, ಇಲ್ಲಾಂದ್ರೆ ತಲೆ ತೂರಲ್ಲ." ಪ್ರತಿ ಸಲ ಹೇಳ್ತೀಯ.

ಏನಾದ್ರೂ ಅನ್ನೇ... ಈಗ ಬಾಯಲ್ಲಿ ಪಿನ್ನಿಲ್ವಲ್ಲ.

ಆ ಮದುವೆಗೆ ನಾನು ಹೋಗ್ಲೇ ಇಲ್ಲ. ಮೈಮೇಲೆ ಹಿಡಿದು ಕನ್ನಡಿ ನೋಡಿದೆ, ಅಷ್ಟೆ. ಆಗ ಇಲ್ಲಿ ನಿನಗೆ ಅಳತೆ ಕೊಟ್ಟಿದ್ದೂ ಉಸಿರು ಬಿಗಿಹಿಡಿದೇ. ಜ್ವರ ಅಂತ ತಂಗಿಗೆ ಫೋನ್ ಮಾಡಿದೆ, ಆ ಬಳ್ಳಿ ದನೀಲಿ. ಆಮೇಲೆ ಅಡುಗೆಮನೇಲಿ ನಿಂತ್ಕೊಂಡೇ ಇಡೀ ಬ್ರೆಡ್ಡು. ಅದು ಮುಗಿದ್ಮೇಲೆ ಸಕ್ಕರೆ ಡಬ್ಬಕ್ಕೆ ಚಮಚ. ಹಸಿವೇ ಇರ್ಲಿಲ್ಲ ಕಣೆ. ಒಂಚೂರೂ ಇರ್ಲಿಲ್ಲ.

ತಂಗಿಗೆ ಜ್ವರ ಅಂದೆ. ಮಗಳಿಗೆ ಏನನ್ಲಿ?

...ಟೇಪ್ ತಗೋ. ಬಾ. ಜೋರಾಗಿ ಹೇಳ್ಬೇಡ, ಬರ್ಕೋ ಸಾಕು.

ಯಾಕೆ ಅಳೆಯೋದು ನಿಲ್ಲಿಸಿದೆ? ಇಲ್ಲ, ಉಸಿರು ಹಿಡ್ಕೊಂಡಿಲ್ಲ... ಸರಿ, ಹಿಡ್ಕೊಂಡಿದ್ದೆ. ತಡಿ.

ಬಿಟ್ಟೆ. ಈಗ ಅಳೆ.