ಗೇಟು ದಾಟಿದ ಬೈಕು

ಇದು ನಮ್ಮ ಚಿಕ್ಕಪ್ಪನ ಮಗ ನಟರಾಜುಗೆ ಆದದ್ದು ಕಣ್ರಿ. ಕೌದಳ್ಳಿ ಆಚೆ, ಕಾಡುದಾರೀಲಿ ಒಂದು ಗೇಟು. ಕತ್ತಲಾದ್ರೆ ಮುಚ್ತಾರೆ. ಒಳಕ್ಕೆ ಹೋದ ಗಾಡಿ, ಈಚೆಗೆ ಬಂದ ಗಾಡಿ, ಎಲ್ಲಾನೂ ಕಂಪ್ಯೂಟರಿಗೆ ಹಾಕೋದು ಇವನ ಕೆಲಸ.

ಅವತ್ತು ಊಟ ಮುಗಿಸ್ಕೊಂಡು ಆಲದ ಮರದ ಕೆಳಗೆ ಒಬ್ನೇ ಗೇಟಿಗೆ ಬರ್ತಾವ್ನೆ... ಕಾಡಿನ ಕಡೆಯಿಂದ ಡುಗ್ ಡುಗ್ ಡುಗ್. ಬೈಕು. ಲೈಟಿಲ್ಲ.

"ನಟ್ರಾಜ... ಗೇಟ್ ತೆಗೀಲಾ."

ಗುರುತಿನ ದನಿ. ಬಂಡಳ್ಳಿ ಚಿಕ್ಕಮಾದಪ್ಪ. ಕಾಡೊಳಗಿನ ಅಂಗಡಿಗಳಿಗೆ ಬನ್ನು, ಬಿಸ್ಕತ್ತು ಹಾಕೋನು.

"ಯಾಕಣ್ಣೋ ಇಷ್ಟೊತ್ತು?"

"ಚಳಿ ಕಣ್ಲಾ... ಮನೆಗ್ ಓಯ್ತೀನಿ."

ಗೇಟಿನ ಕಂಬಿ ಕಿರ್ರ್ ಅಂತ ಮೇಲೆದ್ದಿತು. ಬೈಕು ದಾಟ್ತು. ಇವನು ಒಳಗೆ ಬಂದು, ಆ ಬೈಕು ಈಚೆ ಬಂತು ಅಂತ ಹಾಕ್ದ.

ಆಮೇಲೆ ಬ್ಯಾಕಪ್ಪು. ಆ ಕಂಪ್ಯೂಟರಲ್ಲಿ ಎರಡು ಡಿಸ್ಕು. ಒಂದರಲ್ಲಿ ಬರೆದದ್ದು ಆ ಕ್ಷಣವೇ ಇನ್ನೊಂದರಲ್ಲೂ ಮೂಡ್ತದೆ, ಕನ್ನಡಿ ಇದ್ದಂಗೆ. ದಿನಾ ರಾತ್ರಿ ಬರೆಯೋದನ್ನ ಒಂದು ಗಳಿಗೆ ನಿಲ್ಸಿ, ಎರಡನೇ ಡಿಸ್ಕನ್ನ ಬಿಡಿಸಿ, ಅದರಿಂದ ನಕಲು ತೆಗೆದು, ಮತ್ತೆ ಜೋಡಿಸಬೇಕು.

ಬಿಡಿಸ್ದ. ಸರಿಯಾಗಿ ಬಂದದಾ ಅಂತ ಆ ಎರಡನೇ ಡಿಸ್ಕಲ್ಲಿ ನೋಡ್ದ...

ಚಿಕ್ಕಮಾದಪ್ಪನ ಬೈಕು ಇನ್ನೂ ಕಾಡೊಳಗೆ ಅದೆ.

ಮೊದಲನೇ ಡಿಸ್ಕಲ್ಲಿ ನೋಡ್ದ. ಈಚೆ ಬಂದದೆ. ಎರಡನ್ನೂ ಜೋಡಿಸ್ದ, ಮತ್ತೆ ಬಿಡಿಸ್ದ. ಡಿಸ್ಕು ಟಿಕ್... ಟಿಕ್... ಬೇರೆ ಎಲ್ಲಾ ಗಾಡಿ ಎರಡರಲ್ಲೂ ಒಂದೇ ಥರ. ಅದೊಂದು ಬೈಕು ಮಾತ್ರ ಒಳಗೇ.

ಚಿಕ್ಕಮಾದಪ್ಪನ ಹೆಂಡ್ತಿ ಚನ್ನಮಲ್ಲಮ್ಮಂಗೆ ಫೋನು ಹಚ್ದ.

"ಅತ್ಗೆ, ಅಣ್ಣ ಬಂದ್ನಾ?"

"ಇಲ್ಲ ಕಣಪ್ಪ. ಫೋನೂ ಸಿಗ್ತಾ ಇಲ್ಲ... ಯಾಕೆ?"

ಫೋನು ಇಟ್ಟು, ಕಾವಲಿನ ಗೋವಿಂದಯ್ಯನ್ನ ಎಬ್ಬಿಸಿದ.

"ಈಗ್ತಾನೆ ದಾಟ್ದ ಅಂತೀಯ, ಒಳಗೆ ಉಡುಕ್ಬೇಕು ಅಂತೀಯ. ಯೋನ್ಲಾ ಆಗದೆ ನಿಂಗೆ?"

"ಸುಮ್ಕೆ ಜೀಪ್ ತೆಗಿ ಮಾವ..." ಅಂದ. ಪಿಸುಮಾತಲ್ಲಿ.

ಕಾಡೊಳಗೆ ಎರಡನೇ ತಿರುವಲ್ಲಿ ಬನ್ನಿನ ಪೊಟ್ಟಣ ಚೆಲ್ಲಾಡಿದ್ದೊ. ಕೆಳಗೆ, ಹಳ್ಳದಲ್ಲಿ, ಬೈಕಿನಡಿ ಚಿಕ್ಕಮಾದಪ್ಪ. ಉಸಿರಿತ್ತು. ತೊಡೆ ಮುರಿದಿತ್ತು. ರಕ್ತ ಒಣಗಿ ಕರ್ರಗಾಗಿತ್ತು.

"ಹೊತ್ತು ಮುಳುಗೋವಾಗ ಬಿದ್ದೆ ಕಣ್ಲಾ... ಕೂಗಿ ಕೂಗಿ ಗಂಟ್ಲು ಕಟ್ತು."

"ಗೇಟಿಗೆ ಬಂದಿದ್ಯಲ್ಲಣ್ಣ?"

"ನಾನಾ? ಅಳ್ಳಾಡಕ್ಕೇ ಆಗ್ನಿಲ್ವಲ್ಲೋ..."

ಕೊಳ್ಳೇಗಾಲದ ಆಸ್ಪತ್ರೇಲಿ ಕಾಲಿಗೆ ರಾಡು ಹಾಕಿದ್ರು. ಬದುಕಿದ. ನಟರಾಜು ಮಾತ್ರ ಆ ಕೆಲಸಕ್ಕೆ ಮತ್ತೆ ಹೋಗ್ಲಿಲ್ಲ. ಗೇಟು ದಾಟಿಸಿದ್ದು ಯಾರನ್ನ ಅಂತ ಇವತ್ತೂ ನಿದ್ದೇಲಿ ಎದ್ದು ಕೂರ್ತಾನೆ.

ಸುಳ್ಳು ಅನ್ನೋರು ಬಂಡಳ್ಳಿಗೆ ಹೋಗಿ ನೋಡಿ. ಚಿಕ್ಕಮಾದಪ್ಪ ಸಾಕಿದ ನಾಯಿ ಒಂದದೆ. ಅವನು ಆಸ್ಪತ್ರೆಯಿಂದ ಬಂದಾಗಿಂದ ಅವನನ್ನ ಕಂಡ್ರೆ ಗುರ್ರ್ ಅಂತದೆ, ಹತ್ರಕ್ಕೆ ಸೇರಿಸಲ್ಲ. ರಾತ್ರಿ ಅವನು ಒಳಗೆ ಮಲಗಿರ್ತಾನೆ... ಅದು ಬೀದಿಬಾಗಿಲಿಗೆ ಓಡೋಗಿ, ಯಾರೂ ಇಲ್ಲದ ಕಡೆ ತಲೆ ಎತ್ತಿ, ಮೊದಲೆಲ್ಲ ಚಿಕ್ಕಮಾದಪ್ಪನ್ನ ಕಂಡಾಗಿನಂಗೇ ಬಾಲ ಆಡಿಸ್ತದೆ. ನಾನೇ ಕಣ್ಣಾರೆ ನೋಡಿದ್ದೀನಿ.