ಬುರುಲ್ ಕೂರುತ್ತಿದ್ದ ಸೀಟು

ದೀಪ ಸ್ವಲ್ಪ ಸಣ್ಣ ಮಾಡಿ. ಒಲೆಗೆ ಇನ್ನೊಂದು ಕೊರಡು ಹಾಕಿ. ಮಧ್ಯೆ ಯಾರಾದರೂ ಬಾಯಿ ಹಾಕಿದರೆ ನಾನು ಎದ್ದು ಹೋಗುವವನೇ, ಮೊದಲೇ ಹೇಳಿದ್ದೇನೆ. ಇದು ಅವರಿವರ ಕತೆಯಲ್ಲ. ಒರೋಜ್ ನನ್ನ ಹೆಂಡತಿಗೆ ದೊಡ್ಡಪ್ಪನ ಮಗ. ನಮ್ಮ ನರೀನ್ ಊರಲ್ಲಿ ಕಾರಿನ ಚರ್ಮದ ಸೀಟು ತೊಳೆದು ಎಣ್ಣೆ ಕುಡಿಸುವ ಕೆಲಸಕ್ಕೆ ಎಲ್ಲರೂ ಅವನ ಶೆಡ್ಡಿಗೇ ಹೋಗುವುದು. ಅವನಿಗಾದದ್ದು ಇದು.

ಅವತ್ತು ಗುರುವಾರ. ಕತ್ತಲಾದ ಮೇಲೆ ಶೆಡ್ಡಿಗೆ ಬೀಗ ಹಾಕಿ ಮನೆಗೆ ನಡೆದುಕೊಂಡು ಬರುತ್ತಿದ್ದ. ದಾರಿಯಲ್ಲಿ ಗೋರಿಗಳ ದಿಬ್ಬ, ದಿಬ್ಬದ ಬುಡದಲ್ಲಿ ಒಂದು ಕೈಪಂಪು. ಯಾರೂ ಮುಟ್ಟದಿದ್ದರೂ ಗಾಳಿಗೆ ಅದರ ಹಿಡಿ ಅಲ್ಲಾಡುತ್ತದೆ... ಕುಯ್ಯ್... ಕುಯ್ಯ್... ಎಂಥ ಗಂಡಸೂ ಅಲ್ಲಿ ಬೇಗ ಬೇಗ ಹೆಜ್ಜೆ ಹಾಕುತ್ತಾನೆ. ಒರೋಜ್ ಹಾಕಲಿಲ್ಲ. ಅವನ ಹೆಂಡತಿ ಬುರುಲ್‌ಳನ್ನು ಆ ದಿಬ್ಬದಲ್ಲಿ ಮಣ್ಣು ಮಾಡಿ ಇನ್ನೂ ನಲವತ್ತು ದಿನ ತುಂಬಿರಲಿಲ್ಲ. ಅವನು ಆ ಕಡೆ ತಿರುಗಿಯೂ ನೋಡಲಿಲ್ಲ. ಭಯ ಇರಲಿಲ್ಲ. ದುಃಖ ಅಂತಲೂ ಇರಲಿಲ್ಲ. ಒಳಗೆ ಏನೂ ಇರಲಿಲ್ಲ ಕಣ್ರೋ, ಅದೇ ತೊಂದರೆಯಾಗಿದ್ದು.

ನಮ್ಮಲ್ಲಿ ಸಾವಿನ ಮನೆ ಬಾಗಿಲಲ್ಲಿ ಗಂಡಸರು ಕೋಲೂರಿ ನಿಂತು, ಗಂಟಲು ಹರಿಯುವ ಹಾಗೆ ದನಿ ತೆಗೆದು ಅಳಬೇಕು ತಾನೆ? ಒರೋಜ್ ಕೋಲು ಹಿಡಿದು ನಿಂತ. ಬಾಯಿ ತೆರೆದ. ದನಿಯೇ ಬರಲಿಲ್ಲ. ಊರವರಿಗೆ ಅಷ್ಟೇ ಸಾಕಾಯಿತು, ಗುಸುಗುಸು ಶುರು.

ಅವಳು ಸತ್ತದ್ದು ಅವನ ಕಾರಿನಲ್ಲೇ. ಕಾಯಿಲೆ ಜೋರಾಗಿ, ದೊಡ್ಡಾಸ್ಪತ್ರೆಗೆ ಅಂತ ಬಿಷ್ಕೆಕ್ ಕಡೆ ಹೊರಟಿದ್ದರು. ಸೀಟು ಹಿಂದಕ್ಕೆ ಬಾಗಿಸಿ, ಕೌದಿ ಹೊದಿಸಿ, ಬೆಲ್ಟು ತಾನೇ ಹಾಕಿ ಕೂರಿಸಿದ್ದ. ದೋಲೋನ್ ಘಾಟಿ ಹತ್ತುವಾಗ, ಇಳಿಯುವಾಗ, ಉದ್ದಕ್ಕೂ ಅವಳ ಜೊತೆ ಮಾತಾಡುತ್ತಲೇ ಇದ್ದ... ಹೊಸ ಒಲೆ ತರೋಣ, ಹಸು ಈ ತಿಂಗಳು ಈಯುತ್ತೆ, ಅಂಥದ್ದೇ ಏನೋ. ನಿದ್ದೆ ಬಂದಿದೆ ಅಂದುಕೊಂಡ. ಘಾಟಿ ಇಳಿದ ಮೇಲೆ ಸಿಗುವ ಕೊಚ್ಕೋರಿನಲ್ಲಿ ನಿಲ್ಲಿಸಿ ಚಹಾ ತಂದು ಲೋಟ ಕೈಗಿಟ್ಟ. ಕೈ ಹಿಡಿಯಲಿಲ್ಲ. ತಣ್ಣಗಾಗಿ ಎಷ್ಟೋ ಹೊತ್ತಾಗಿತ್ತು.

ಆಮೇಲೆ ಮಾತಾಡಿಸಲು ಬಂದವರೆಲ್ಲ ಕೇಳುವುದು ಒಂದೇ. "ಪ್ರಾಣ ಹೋಗಿದ್ದು ಎಲ್ಲಿ ಒರೋಜ್?" 

"ದಾರೀಲಿ" ಅನ್ನುತ್ತಿದ್ದ. 

ದಾರಿಯಲ್ಲಿ ಎಲ್ಲಿ? ಯಾವ ತಿರುವಿನಲ್ಲಿ? ಎಲ್ಲಿಯವರೆಗೆ ಅವಳು ಕೇಳಿಸಿಕೊಳ್ಳುತ್ತಿದ್ದಳು, ಎಲ್ಲಿಂದ ಮುಂದೆ ಇವನೊಬ್ಬನೇ ಮಾತಾಡಿಕೊಂಡು ಬಂದ? ಅದು ಅವನಿಗೆ ಗೊತ್ತಿರಲಿಲ್ಲ. ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡು ತಲೆಯಲ್ಲೇ ಆ ಘಾಟಿ ಹತ್ತುತ್ತಿದ್ದ, ಇಳಿಯುತ್ತಿದ್ದ.

ಗುರುವಾರ ಸಂಜೆ ಎಲ್ಲರ ಮನೆಯಲ್ಲೂ ಎಣ್ಣೆ ಕಾಯುತ್ತದೆ. ಹಿಟ್ಟಿನ ತುಂಡು ಕರಿದು, ಹೋದವರ ಹೆಸರು ಹೇಳಿ, ವಾಸನೆ ಮುಟ್ಟಲಿ ಅಂತ ಬೇಡಿಕೊಳ್ಳುತ್ತೇವೆ. ಅವರು ತಿನ್ನುವುದು ವಾಸನೆಯನ್ನೇ. ಒರೋಜನ ಮನೆಯಲ್ಲಿ ಮಾತ್ರ ಬಾಣಲೆ ಒಲೆಯ ಮೇಲೆ ಏರಿರಲಿಲ್ಲ. ಅವನಕ್ಕ ಕಲೀಚಾ ಬಂದು ಬೈದಳು. "ಊರಿನ ಸತ್ತವರೆಲ್ಲ ಉಂಡು ತೇಗ್ತಾರೆ, ನಿನ್ನ ಹೆಂಡ್ತಿ ಒಬ್ಳು ಬಾಗಿಲಲ್ಲಿ ನಿಂತಿರ್ಬೇಕೇನೋ?" 

"ನನ್ ಮನೇಲಿ ಆ ಹೆಸ್ರು ಎಣ್ಣೆ ಮುಂದೆ ಹೇಳಕೂಡ್ದು" ಅಂದ. ಅಷ್ಟೇ. ಹೇಳಿಬಿಟ್ಟರೆ ಅವಳು ಸತ್ತವರ ಸಾಲಿಗೆ ಸೇರಿಹೋಗುತ್ತಾಳಲ್ಲ.

ಸರಿ. ಮನೆಗೆ ಬಂದರೆ ಗೇಟಿನ ಹತ್ತಿರ ತಾಲಾಯ್ ಕಾಯುತ್ತಿದ್ದ. ಬುರುಲ್‌ಳ ತಮ್ಮ. ಕಾರನ್ನು ಅವನೇ ತೆಗೆದುಕೊಂಡು ಬಿಷ್ಕೆಕ್ಕಿಗೆ ಬಾಡಿಗೆಗೆ ಜನರನ್ನು ಕರೆದೊಯ್ಯುವುದು ಅಂತ ಮಾತಾಗಿತ್ತು.

"ಭಾವ, ಬೆಳಿಗ್ಗೆನೇ ಹೊರಡ್ತೀನಿ. ಸೀಟು..." ಅಂದು ತಡವರಿಸಿದ. "ಊರೋರ ಸೀಟೆಲ್ಲ ತೊಳೀತೀಯ. ಇದನ್ನ ಹಿಂಗೇ ಕೊಡ್ತೀಯಾ?"

"ತೊಳ್ದೇ ಕೊಡ್ತೀನಿ. ಟಾರ್ಚ್ ಹಿಡಿ."

ಜಪಾನಿನ ಹಳೇ ಕಾರು. ಸ್ಟೇರಿಂಗು ಬಲಕ್ಕೆ, ಬುರುಲ್ ಕೂರುತ್ತಿದ್ದದ್ದು ಎಡಕ್ಕೆ. ಕೂತು ಕೂತು ಅಲ್ಲೊಂದು ತಗ್ಗು ಬಿದ್ದಿತ್ತು. ಒಣಗಿಸಿದ ಮೊಸರಿನ ಉಂಡೆ ಕಡಿಯುತ್ತಾ ಕೂರುವವಳು ಅವಳು. ಅದರ ಬಿಳಿ ಪುಡಿ ಹೊಲಿಗೆಯ ಸಂದಿಯಲ್ಲೆಲ್ಲ. ಒರೋಜ್ ಮೆತ್ತನೆ ಬ್ರಷ್ಷು ತೆಗೆದುಕೊಂಡ... ಸರಕ್... ಸರಕ್... ಪುಡಿ ಉದುರಿತು. ನೊರೆ ಹಚ್ಚಿ ಸುತ್ತಿ ಸುತ್ತಿ ಉಜ್ಜಿದ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ನೀರು ಕಂದು ಬಣ್ಣಕ್ಕೆ ತಿರುಗಿತು. ಅವಳ ತಲೆ ಒರಗುತ್ತಿದ್ದ ಕಡೆಯ ಎಣ್ಣೆ ಕಲೆ, ಅದೂ ಹೋಯಿತು. ಅವನ ಮುಖದಲ್ಲಿ ಏನೂ ಇಲ್ಲ. ತಾಲಾಯೇ ಬೇರೆ ಕಡೆ ನೋಡಿದ.

ಗಿರಾಕಿಗಳ ಸೀಟಿಗೆ ಅಂಗಡಿಯ ಕ್ರೀಮು ಹಚ್ಚುತ್ತಾನೆ. ಇದು ಹೆಂಡತಿಯ ಸೀಟು. ಅವನ ತಾತ ಕುದುರೆ ಜೀನು ಮಾಡುತ್ತಿದ್ದವನು, ಜೀನಿಗೆ ಕುರಿಬಾಲದ ಕೊಬ್ಬು ಕಾಯಿಸಿ ತಿಕ್ಕುತ್ತಿದ್ದ. ಇವನೂ ಅಂಗಳದ ಸಣ್ಣ ಒಲೆ ಮೇಲೆ ಬಾಣಲೆ ಇಟ್ಟು ಕೊಬ್ಬು ಹಾಕಿದ. ಚುಂಯ್... ಅಂತ ಕರಗಿತು. ವಾಸನೆ ಎದ್ದಿತು, ಗೋಡೆ ದಾಟಿತು. ಗುರುವಾರ ಅನ್ನುವುದು ಇಬ್ಬರಿಗೂ ನೆನಪಿಲ್ಲ. ಬಿಸಿ ಕೊಬ್ಬಿಗೆ ಬೆರಳು ತಾಗಿ ಚರ್ಮ ಬೆಳ್ಳಗೆ ಎದ್ದಿತು. ಒರೋಜನಿಗೆ ಅದೂ ಗೊತ್ತಾಗಲಿಲ್ಲ.

ಬಾಣಲೆ ಮೇಲೆ ಬಗ್ಗಿಕೊಂಡೇ ಕೈ ಹಿಂದಕ್ಕೆ ಚಾಚಿ, "ಬುರುಲ್, ಬಟ್ಟೆ ಕೊಡೇ" ಅಂದ.

ಅಭ್ಯಾಸ ಕಣ್ರೋ. ಬಟ್ಟೆ ಕೊಡುತ್ತಿದ್ದವಳು ಅವಳೇ. ತಾಲಾಯ್ ಟಾರ್ಚ್ ಹಿಡಿದವನು ಹಾಗೇ ನಿಂತ. ಕಾದ ಕೊಬ್ಬು, ಗುರುವಾರದ ಸಂಜೆ, ಹೋದವಳ ಹೆಸರು... ಇನ್ನೇನು ಬಾಕಿ ಉಳಿಯಿತು ಹೇಳಿ?

"ಭಾವ... ಏನಂದೆ ನೀನು?" ತಾಲಾಯ್ ಪಿಸುಗುಟ್ಟಿದ.

"ಏನಿಲ್ಲ. ಬಟ್ಟೆ ಕೊಡು."

ಚರ್ಮ ತಣ್ಣಗಿದ್ದರೆ ಕೊಬ್ಬು ಕುಡಿಯುವುದಿಲ್ಲ. ಅದಕ್ಕೇ ಒರೋಜ್ ಬಲಗಡೆ ಕೂತು ಎಂಜಿನ್ ಶುರು ಮಾಡಿ ಹೀಟರ್ ಹಾಕಿದ. ಎಡಗೈ ಚಾಚಿ ತೆಳ್ಳಗೆ ತಿಕ್ಕಿದ. ಚಳಿ ಅಂತ ತಾಲಾಯ್ ಹಿಂದೆ ಹತ್ತಿ ಕೂತ. ಚರ್ಮ ಹೊಳೆಯತೊಡಗಿತು.

ಆಗ... ಕಿರ್ರ್ರ್... ಅಂತ ಚರ್ಮ ಒಮ್ಮೆ ಕಿರುಗುಟ್ಟಿತು. ಸೀಟಿನ ಒಳಗಿನ ಗಾಳಿ ಉಸ್ಸ್... ಅಂತ ಹೊರಗೆ ಬಂತು.

ಟಿಂಗ್. ಟಿಂಗ್. ಟಿಂಗ್.

ಬೆಲ್ಟಿನ ಕೂಗು. ಎಡಗಡೆ ಯಾರೋ ಕೂತಿದ್ದಾರೆ, ಬೆಲ್ಟು ಹಾಕಿಲ್ಲ ಅಂತ.

"ಭಾವ, ಅಲ್ಲೇನಾದ್ರೂ ಇಟ್ಟಿದೀಯಾ?"

"ಇಲ್ಲ."

"ಮತ್ಯಾಕೆ ಬಡ್ಕೋತಿದೆ?"

ಒರೋಜ್ ಸೀಟಿನ ಕಡೆ ನೋಡಿದ. ಈಗಷ್ಟೇ ಉಜ್ಜಿ ಸರಿ ಮಾಡಿದ ತಗ್ಗು ಮತ್ತೆ ಒಳಕ್ಕಿಳಿದಿತ್ತು. ಬುರುಲ್ ಬದುಕಿದ್ದಾಗ ಬೆಲ್ಟು ಹಾಕಿದವಳೇ ಅಲ್ಲ. ಹಾಕ್ಕೊಳ್ಳೇ ಅಂದರೆ, "ಕೂಗ್ಲಿ ಬಿಡು, ನಿನ್ ಹಾಡಿಗಿಂತ ವಾಸಿ" ಅನ್ನುತ್ತಿದ್ದಳು. ಆ ಕಡೇ ಪ್ರಯಾಣದಲ್ಲಿ ಮಾತ್ರ ಇವನೇ ಹಾಕಿದ್ದ. ಅದಕ್ಕೇ ಕಾರು ದಾರಿಯುದ್ದಕ್ಕೂ ಬಾಯಿ ಮುಚ್ಚಿಕೊಂಡಿತ್ತು.

ಅವನು ಬೆಲ್ಟು ಮುಟ್ಟಲಿಲ್ಲ. ಗೇರು ಹಾಕಿದ.

"ಎಲ್ಲಿಗೆ?" ತಾಲಾಯ್ ಮುಂದಕ್ಕೆ ಬಗ್ಗಿ ಕೇಳಿದ.

"ಸುಮ್ನೆ ಕೂತ್ಕೋ. ಎಲ್ಲಿ ಅಂತ ಇವತ್ತು ಹೇಳ್ತಾಳೆ."

ಊರು ದಾಟಿತು. ಘಾಟಿ ಹತ್ತಿದರು. ಎರಡೂ ಕಡೆ ಹಿಮದ ಗೋಡೆ, ಎದುರಿಗೆ ಒಂದು ಗಾಡಿ ಇಲ್ಲ. ಟಿಂಗ್... ಟಿಂಗ್... ಅದು ಬಿಡಲೇ ಇಲ್ಲ. ಪ್ರತಿ ತಿರುವಿಗೂ ಖಾಲಿ ಸೀಟಿನ ಚರ್ಮ ಕಿರ್ರ್ ಅನ್ನುತ್ತಿತ್ತು, ಕೂತವರು ಓಲಾಡಿದ ಹಾಗೆ. ತಾಲಾಯ್ ಹಿಂದೆ ಕಣ್ಣು ಮುಚ್ಚಿಕೊಂಡು ಬಾಯಿಗೆ ಬಂದ ಪ್ರಾರ್ಥನೆಯನ್ನೆಲ್ಲ ಹೇಳುತ್ತಿದ್ದ. ಒರೋಜ್ ಮಾತಾಡುತ್ತಿದ್ದ. ಮೆಲ್ಲಗೆ. ಒಲೆಯ ವಿಷಯ, ಹಸುವಿನ ವಿಷಯ, ಅವತ್ತು ಆಡಿದ್ದನ್ನೇ, ಅವತ್ತಿನ ಕ್ರಮದಲ್ಲೇ.

ನೆತ್ತಿ ಬಂತು. ದಾಟಿದರು. ಇಳಿಜಾರಿನ ಮೊದಲನೇ ತಿರುವು, ಹಿಮದ ಆಳ ತೋರಿಸುವ ಕೆಂಪು ಕಂಬವಿದೆಯಲ್ಲ, ಅಲ್ಲಿ ಒರೋಜ್ ಅಂದ, "ಕಷ್ಟದ್ದು ಮುಗೀತು ಕಣೇ. ಇನ್ನು ಇಳಿಜಾರು."

ಟಿಂಗ್.

ಆಮೇಲೆ... ಇಲ್ಲ.

ಉಸ್ಸ್... ಅಂತ ಸೀಟು ಗಾಳಿ ಎಳೆದುಕೊಂಡು ಮೇಲೆದ್ದಿತು. ಒರೋಜ್ ಬ್ರೇಕು ಒತ್ತಿದ. ಅವತ್ತು ಇಲ್ಲೇ ಅವಳ ಮಂಡಿ ತಟ್ಟಿ ಈ ಮಾತು ಹೇಳಿದ್ದ. ಹಾಗಾದರೆ ಇದನ್ನು ಕೇಳಿಸಿಕೊಂಡಿದ್ದಳು. ಅವಳ ಕಿವಿಗೆ ಬಿದ್ದ ಕಡೇ ಮಾತು ಇದೇ.

ಬೆರಳು ಉರಿಯಲು ಶುರುವಾಯಿತು. ಸುಟ್ಟ ಬೆರಳು. ಮೊದಲು ಬೆರಳು, ಆಮೇಲೆ ಕೈ, ಆಮೇಲೆ ಮೈಯೆಲ್ಲ. ಬಾಗಿಲು ತೆಗೆದು ಇಳಿದು, ಆ ಕೆಂಪು ಕಂಬವನ್ನೇ ಕೋಲಿನ ಹಾಗೆ ಹಿಡಿದು ನಿಂತು, ಒರೋಜ್ ದನಿ ತೆಗೆದ. ಸಾವಿನ ಮನೆ ಬಾಗಿಲಲ್ಲಿ ಬಾರದ ದನಿ. ಬೆಟ್ಟ ಅದನ್ನು ತಿರುಗಿ ಕೊಟ್ಟಿತು ಅನ್ನುತ್ತಾನೆ ತಾಲಾಯ್. ಅಕ್ಕ ಸತ್ತ ದಿನ ಅತ್ತದ್ದಕ್ಕಿಂತ ಹೆಚ್ಚು ಅವತ್ತು ತಾನೂ ಅತ್ತೆ ಅನ್ನುತ್ತಾನೆ.

ಅತ್ತು ಸಾಕಾಗಿ ವಾಪಸು ಹತ್ತಲು ಬಂದರೆ ಕಾರಿನೊಳಗೆ ಲೈಟು ಉರಿಯುತ್ತಿತ್ತು. ಎಡಗಡೆ ಬಾಗಿಲು ಅರ್ಧ ತೆರೆದಿತ್ತು. ಒರೋಜ್ ಇಳಿದದ್ದು ಬಲಗಡೆಯಿಂದ. ತಾಲಾಯ್ ಹಿಂದಿನ ಸೀಟಿನಿಂದ ಅಲ್ಲಾಡಿರಲೇ ಇಲ್ಲ.

ಮುಂದಿನ ಗುರುವಾರ ಒರೋಜನ ಮನೆಯಲ್ಲಿ ಎಣ್ಣೆ ಕಾಯಿತು. ಹಿಟ್ಟು ಕರಿದವಳು ಕಲೀಚಾ, ಹೆಸರು ಹೇಳಿದವನು ಅವನೇ. ನಾನೂ ತಿಂದು ಬಂದೆ.

ಕಾರು ಈಗ ತಾಲಾಯ್ ಹತ್ತಿರ ಇದೆ. ಆ ಎಡಗಡೆ ಸೀಟಿನಲ್ಲಿ ಯಾರೇ ಕೂರಲಿ, ಬೆಲ್ಟು ಹಾಕದೇ ಇರಲಿ, ಅದು ಕೂಗುವುದಿಲ್ಲ. ಕೊಬ್ಬು ಇಳಿದು ವೈರು ಕೆಟ್ಟಿರಬೇಕು ಅಂದ ಮೆಕ್ಯಾನಿಕ್. ಸೀಟು ಬಿಚ್ಚಿ ನೋಡಿದ. ವೈರಿಗೆ ಕೊಬ್ಬೇ ತಾಗಿರಲಿಲ್ಲ, ಸರಿಯಾಗೇ ಇತ್ತು. ಸುಳ್ಳು ಅನ್ನುವವರು ನಾಳೆ ಹೋಗಿ ಕೂತು ನೋಡಿ. ನಾನು ಬಿಷ್ಕೆಕ್ಕಿನವರೆಗೆ ಕೂತು ಹೋಗಿದ್ದೇನೆ, ನನ್ನ ತೂಕ ಎಷ್ಟು ಅಂತ ನಿಮಗೆಲ್ಲ ಗೊತ್ತೇ ಇದೆ. ಒಂದು ಸಲವೂ ಕೂಗಲಿಲ್ಲ.